ಓಬವ್ವ ಉಟ್ಟ ಸೀರೆ

ನವೆಂಬರ್ ಬಂತೆಂದರೆ ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ಇತಿಹಾಸ ಪುಸ್ತಕ ಬಿಟ್ಟು ಅಂಗಳಕ್ಕೆ ಇಳಿಯುತ್ತದೆ. 1ಕ್ಕೆ ರಾಜ್ಯೋತ್ಸವ, 11ಕ್ಕೆ ಒನಕೆ ಓಬವ್ವ ಜಯಂತಿ, 14ಕ್ಕೆ ಮಕ್ಕಳ ದಿನಾಚರಣೆ. ಕನಕ ಜಯಂತಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಪ್ರತಿಭಾ ಕಾರಂಜಿಯ ಛದ್ಮವೇಷ ಸ್ಪರ್ಧೆ ಇವುಗಳ ಹಿಂದೋ ಮುಂದೋ ಇದ್ದೇ ಇರುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ಚೆನ್ನಮ್ಮನ ಪಕ್ಕ ರಾಯಣ್ಣ, ರಾಯಣ್ಣನ ಹಿಂದೆ ಕಂಬಳಿ ಹೊದ್ದ ಕನಕದಾಸ, ಅವನ ಹಿಂದೆ ಅಜ್ಜನ ಕೋಲು ಹಿಡಿದ ಗಾಂಧಿ ನಿಂತಿರುತ್ತಾರೆ. ನಮ್ಮದು ಚಿತ್ರದುರ್ಗ ಜಿಲ್ಲೆ. ಓಬವ್ವಂದಿರಿಗಂತೂ ಕೊರತೆಯೇ ಇಲ್ಲ. 2021ರಲ್ಲಿ ಸರ್ಕಾರ ಓಬವ್ವ ಜಯಂತಿಯನ್ನು ಘೋಷಿಸಿದ ಮೇಲೆ ಒನಕೆ ಹಿಡಿಯಲು ಆಸೆಪಡುವ ಹುಡುಗಿಯರು ಇನ್ನೂ ಹೆಚ್ಚಿದ್ದಾರೆ.

ಆ ದಿನಗಳಲ್ಲಿ ತಾಯಂದಿರು ಗೇಟಿನ ಬಳಿ ನನ್ನನ್ನು ತಡೆದು ಕೇಳುವುದು ಒಂದೇ ಪ್ರಶ್ನೆ. "ಮಿಸ್, ಓಬವ್ವನ ಡ್ರೆಸ್ ಬಾಡಿಗೆಗೆ ಎಲ್ಲಿ ಸಿಗುತ್ತೆ?"

ಸಿಗುತ್ತದೆ. ಪೇಟೆಯ ಬಾಡಿಗೆ ಅಂಗಡಿಗಳಲ್ಲಿ ಓಬವ್ವ, ಚೆನ್ನಮ್ಮ, ಭಾರತಮಾತೆ ಎಲ್ಲರೂ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡು ಸಾಲಾಗಿ ತೂಗುತ್ತಿರುತ್ತಾರೆ. ಹಸಿರು ಸ್ಯಾಟಿನ್ ಬಟ್ಟೆ, ಅಂಚಿಗೆ ಹೊಳೆಯುವ ಚಿನ್ನದ ಬಣ್ಣದ ಲೇಸು, ಹಿಂದೆ ವೆಲ್ಕ್ರೋ. ಹಾಕಲು ಸುಲಭ, ತೆಗೆಯಲು ಸುಲಭ. ಆದರೂ ನಾನು ಅಂಗಡಿಯ ದಾರಿ ಹೇಳುವ ಮೊದಲು ತಿರುಗಿ ಒಂದು ಮಾತು ಕೇಳುತ್ತೇನೆ: "ಮನೇಲಿ ಅಜ್ಜಿದು ಹಳೇ ನೂಲಿನ ಸೀರೆ ಏನಾದ್ರೂ ಇದೆಯಾ?"

ದುಡ್ಡು ಉಳಿಸಲಿ ಎಂದು ಕೇಳುತ್ತೇನೆಂದು ಹೆಚ್ಚಿನವರು ತಿಳಿಯುತ್ತಾರೆ. ದುಡ್ಡೂ ಉಳಿಯುತ್ತದೆ, ನಿಜ. ಆದರೆ ನಾನು ಕೇಳುವುದು ಓಬವ್ವನಿಗಾಗಿ.

ಅವಳ ಕತೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಹೈದರಾಲಿಯ ಸೈನ್ಯ ಮದಕರಿ ನಾಯಕನ ಕೋಟೆಯನ್ನು ಮುತ್ತಿದ ಕಾಲ. ಕೋಟೆ ಹೈದರನ ಕೈಗೆ ಸಿಕ್ಕಿದ್ದು 1779ರಲ್ಲಿ. ಓಬವ್ವ ಕಾವಲುಗಾರ ಮುದ್ದಹನುಮನ ಹೆಂಡತಿ. ಗಂಡ ಊಟಕ್ಕೆ ಬಂದು ಕೂತಿದ್ದಾನೆ. ಕುಡಿಯುವ ನೀರಿಗೆಂದು ಹೊರಟವಳಿಗೆ ಬಂಡೆಗಳ ಸಂದಿಯಲ್ಲಿ ಶತ್ರುಗಳು ನುಸುಳಿ ಬರುವ ಸದ್ದು ಕೇಳುತ್ತದೆ. ಉಣ್ಣುತ್ತಿರುವ ಗಂಡನನ್ನು ಎಬ್ಬಿಸಲಿಲ್ಲ. ಕೈಗೆ ಸಿಕ್ಕಿದ್ದು ಒನಕೆ. ಅದನ್ನು ಹಿಡಿದು ಕಿಂಡಿಯ ಬಾಯಲ್ಲಿ ನಿಂತಳು. ಭತ್ತ ಕುಟ್ಟುವ ಒನಕೆ ಅದು, ಆಯುಧಶಾಲೆಯಿಂದ ತಂದದ್ದಲ್ಲ. ಹಾಗಿರುವಾಗ ಅವಳ ಮೈಮೇಲೆ ಮಾತ್ರ ಮಿರಮಿರ ಮಿಂಚುವ ಸ್ಯಾಟಿನ್ ಎಲ್ಲಿಂದ ಬರಬೇಕು? ಅವಳು ಇಳಕಲ್ ಸೀರೆಯನ್ನೇ ಉಟ್ಟಿದ್ದಳೆಂದು ನಾನು ವಾದ ಹೂಡುವುದಿಲ್ಲ. ಒಲೆ, ಬಿಂದಿಗೆ, ಕುಟ್ಟುವುದು, ಬೀಸುವುದು ಇವುಗಳ ನಡುವೆ ತೊಗಲಿನಂತೆ ಮೈಗೆ ಹೊಂದಿಕೊಂಡ ಮನೆಯ ಸೀರೆಯಲ್ಲಿ ಇದ್ದವಳು ಅವಳು ಎಂಬಷ್ಟು ನನಗೆ ಸಾಕು. ಆ ಸೀರೆಯನ್ನು ಬದಲಿಸಿದರೆ ಕತೆಯೂ ಬದಲಾಗುತ್ತದೆ. ಮನೆಗೆಲಸದ ನಡುವಿನಿಂದ ಎದ್ದು ಬಂದ ಹೆಂಗಸು ಮಾಯವಾಗಿ, ಕಾದಾಟಕ್ಕೆಂದೇ ಸಿಂಗರಿಸಿಕೊಂಡು ಬಂದ ರಾಣಿಯೊಬ್ಬಳು ಅಲ್ಲಿ ನಿಲ್ಲುತ್ತಾಳೆ.

ನಮ್ಮ ಕಣ್ಣಿನಲ್ಲಿರುವ ಓಬವ್ವನನ್ನು ಬಹುಪಾಲು ರೂಪಿಸಿದ್ದು 1972ರ 'ನಾಗರಹಾವು' ಚಿತ್ರ. ಪುಟ್ಟಣ್ಣ ಕಣಗಾಲರು ಕೆಲವೇ ನಿಮಿಷಗಳಲ್ಲಿ ಜಯಂತಿಯವರಿಂದ ಆ ಪಾತ್ರವನ್ನು ಎಂಥ ಎತ್ತರಕ್ಕೆ ಒಯ್ದರೆಂದರೆ, ಇಂದಿಗೂ ನಮ್ಮ ಹುಡುಗಿಯರು ಒನಕೆ ಎತ್ತಿದ ಕೂಡಲೇ ಕಣ್ಣು ಅರಳಿಸುವುದು ಜಯಂತಿಯವರ ಹಾಗೆಯೇ. ಆ ಕಣ್ಣನ್ನು ಅವರು ಕಲಿತುಕೊಳ್ಳಲಿ, ಒಳ್ಳೆಯದೇ. ಸೀರೆಯ ಪಾಠವನ್ನು ಮಾತ್ರ ನಾನು ಅವರವರ ಮನೆಯ ಅಜ್ಜಿಯರಿಗೆ ಬಿಡುತ್ತೇನೆ.

ನನಗೆ ಆ ಪಾಠ ಆದದ್ದು ನಮ್ಮ ದೊಡ್ಡವ್ವನಿಂದ. ನಮ್ಮಣ್ಣನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಓಬವ್ವ ಆಗಬೇಕೆಂದಳು. ದೊಡ್ಡವ್ವನ ಟ್ರಂಕಿನಲ್ಲಿ ಒಂದು ಇಳಕಲ್ ಸೀರೆ ಇತ್ತು. ಇಳಕಲ್ಲಿನಲ್ಲಿ ಸೀರೆಯ ಮೈಗೆ ಹಾಕಿದ ನೂಲಿನ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಆ ಕಸುಬಿನ ಬೆಲೆ ಸೀರೆ ಹಳತಾದ ಮೇಲೆ ಗೊತ್ತಾಗುತ್ತದೆ. ಮೈ ಒಗೆದು ಒಗೆದು ಬಣ್ಣ ಇಳಿಸಿಕೊಂಡು ಮಲ್ಲಿನಂತೆ ಮೆತ್ತಗಾಗಿತ್ತು. ಸೆರಗು ಮಾತ್ರ ನಿನ್ನೆ ಮಗ್ಗದಿಂದ ಇಳಿದಂತೆ ಕೆಂಪಗೆ ಉರಿಯುತ್ತಿತ್ತು. ವೇಷಕ್ಕೆ ಇದಕ್ಕಿಂತ ಒಳ್ಳೆಯದು ಎಲ್ಲೂ ಸಿಗಲಾರದು. ದುಡಿದ ಮೈ ಇದೆ, ದೂರಕ್ಕೆ ಕಾಣುವ ಸೆರಗೂ ಇದೆ.

ಆದರೆ ಹುಡುಗಿಗೆ ಹತ್ತು ವರ್ಷ. ಸೀರೆಯ ಅಗಲ ಅವಳ ಎದೆಯವರೆಗೆ ಬರುತ್ತದೆ. ನಾನು ಕತ್ತರಿ ಹುಡುಕುತ್ತಿದ್ದುದನ್ನು ಕಂಡು ದೊಡ್ಡವ್ವ ಕೂತಲ್ಲಿಂದಲೇ ಕೈ ಚಾಚಿ ಸೀರೆ ಎಳೆದುಕೊಂಡಳು. ಮೇಲಿನ ಅಂಚನ್ನು ಒಂದು ಗೇಣು ಒಳಕ್ಕೆ ಮಡಿಚಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತಾ ಹೋದಳು. ಅಂಚು ಸೊಂಟದ ಒಳಗೆ ಅಡಗಿತು, ಕೆಳಗಿನ ಅಂಚು ಕಣಕಾಲಿಗೆ ಸರಿಯಾಗಿ ನಿಂತಿತು. ನಾನು ಉಡಿಸಲು ಹೋಗಿ ನಿರಿಗೆ ಚೆಂದಗೆ ಹಿಡಿದು ಮುಂದೆ ಬಿಟ್ಟರೆ ದೊಡ್ಡವ್ವನಿಗೆ ಒಪ್ಪಿಗೆ ಆಗಲಿಲ್ಲ.

"ಮದುವಿಗೆ ಕಳಿಸ್ತೀಯೇನೇ ಹುಡುಗೀನ? ಕುಟ್ಟೋಳು ನಿರಿಗೆ ಬಿಟ್ಕಂಡು ನಿಲ್ತಾಳಾ? ಕಾಲಿಗೆ ಸಿಕ್ಕಿ ಬೀಳ್ತಾಳೆ. ಎತ್ತಿ ಕಟ್ಟು."

ಎತ್ತಿ ಕಟ್ಟಿದೆ. ನಿರಿಗೆಯನ್ನು ಕಾಲ ನಡುವೆ ತೆಗೆದು ಹಿಂದೆ ಕಚ್ಚೆ ಸಿಗಿಸಿ, ಸೆರಗನ್ನು ಎಡಭುಜದಿಂದ ಎಳೆದು ಸೊಂಟಕ್ಕೆ ಸುತ್ತಿ ಬಿಗಿದು ಕಟ್ಟಿದಳು ದೊಡ್ಡವ್ವ. "ಈಗ ಕೈ ಎತ್ತು" ಎಂದಳು ಹುಡುಗಿಗೆ. ಎತ್ತಿದಳು. "ಕೂತ್ಕೋ." ಕೂತಳು. "ಏಳು. ಓಡು." ಹಿತ್ತಲಿನವರೆಗೆ ಓಡಿ ಬಂದಳು, ಸೀರೆ ಒಂದು ಎಳೆಯೂ ಜಾರಲಿಲ್ಲ. ಎಪ್ಪತ್ತು ದಾಟಿದ ಆ ಹೆಂಗಸು ಹೊಲದಲ್ಲಿ ಸಸಿ ನೆಟ್ಟದ್ದು, ಕಣದಲ್ಲಿ ತೂರಿದ್ದು, ಸಂಕ್ರಾಂತಿಗೆ ಅವಲಕ್ಕಿ ಕುಟ್ಟಿದ್ದು ಎಲ್ಲವೂ ಆ ಕಟ್ಟಿನಲ್ಲಿತ್ತು. ಓಬವ್ವ ನಿಂತ ಭಂಗಿಯನ್ನು ಹುಡುಗಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸೀರೆ ಅಷ್ಟು ಬಿಗಿಯಾಗಿ ಸೊಂಟ ಹಿಡಿದಾಗ ಕಾಲು ತಾನಾಗಿ ಅಗಲವಾಗಿ ಊರಿಕೊಂಡು ನಿಲ್ಲುತ್ತದೆ.

ಕಾರ್ಯಕ್ರಮ ಮುಗಿದ ಸಂಜೆ ದೊಡ್ಡವ್ವ ದಾರದ ತುದಿಯ ಗಂಟು ಕತ್ತರಿಸಿ ಒಂದೇ ಎಳೆತಕ್ಕೆ ಕಚ್ಚಾ ಹೊಲಿಗೆ ಬಿಚ್ಚಿದಳು. ಸೀರೆ ಮತ್ತೆ ಸೀರೆಯಾಯಿತು, ಟ್ರಂಕಿಗೆ ಹೋಯಿತು. ಅಂದಿನಿಂದ ನಾನು ವೇಷ ಹೊಲಿಯುವಾಗ ಕತ್ತರಿಯನ್ನು ಕಡೆಯಲ್ಲಿ ಮುಟ್ಟುತ್ತೇನೆ. ಮಡಿಚಿ ಆಗುವುದನ್ನು ಕತ್ತರಿಸುವುದಿಲ್ಲ, ಕಟ್ಟಿ ಆಗುವುದನ್ನು ಹೊಲಿಯುವುದಿಲ್ಲ. ನಮ್ಮ ಜನ ಶತಮಾನಗಳ ಕಾಲ ಹೊಲಿಯದ ಬಟ್ಟೆಯನ್ನೇ ಸುತ್ತಿಕೊಂಡು ಬಾಳಿದವರು. ಎಂಟು ಮೊಳದ ಪಂಚೆ, ಒಂಬತ್ತು ಗಜದ ಸೀರೆ, ಒಂದು ಶಲ್ಯ, ಒಂದು ರುಮಾಲು ಇಷ್ಟಿದ್ದರೆ ನಮ್ಮ ಚರಿತ್ರೆಯ ಮುಕ್ಕಾಲು ಮಂದಿಯನ್ನು ಕರೆತಂದು ನಿಲ್ಲಿಸಬಹುದು.

ಒನಕೆಯ ವಿಚಾರ ಹೇಳದೆ ಮುಂದೆ ಹೋಗಬಾರದು. ನಿಜವಾದ ಒನಕೆ ಮಕ್ಕಳ ಕೈಗೆ ಭಾರ, ಪಕ್ಕದಲ್ಲಿ ನಿಂತ ಸೈನಿಕರ ತಲೆಗಂತೂ ಅಪಾಯ. ನಾವು ಹಗುರ ಪ್ಲಾಸ್ಟಿಕ್ ಪೈಪಿಗೆ ಹಳೇ ಕಂದು ಪ್ಯಾಂಟಿನ ಒಂದು ಕಾಲನ್ನು ಚೀಲದ ಹಾಗೆ ಏರಿಸಿ ಬಿಗಿಯಾಗಿ ಹೊಲಿಯುತ್ತೇವೆ. ತುದಿಗೆ ಕಪ್ಪು ಬಟ್ಟೆಯ ಪಟ್ಟಿ ಸುತ್ತಿದರೆ ಕಬ್ಬಿಣದ ಬಳೆ ತೊಡಿಸಿದಂತೆಯೇ ಕಾಣುತ್ತದೆ. ಪ್ಯಾಂಟಿನ ಬಟ್ಟೆ ಒರಟಾದಷ್ಟೂ ಮರದ ಹಾಗೆ ಕಾಣುತ್ತದೆ.

ಹಳೇ ಬಟ್ಟೆಯನ್ನು ಆರಿಸುವುದೂ ಒಂದು ಓದು. ಮೊದಲು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಎಲ್ಲಿ ನೂಲು ಸವೆದು ಬೆಳಕು ತೂರಿ ಬರುತ್ತದೋ ಅಲ್ಲಿ ಹೊಲಿಗೆ ನಿಲ್ಲುವುದಿಲ್ಲ. ನಂತರ ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಬೇಕು. ಗಟ್ಟಿ ಬಟ್ಟೆ ಮರಳಿ ಬರುತ್ತದೆ, ಮುಗಿದ ಬಟ್ಟೆ ಸಣ್ಣಗೆ ಚರ್ ಎನ್ನುತ್ತದೆ. ನೂಲಿನ ಸೀರೆ ಮೊದಲು ಸೋಲುವುದು ಕೆಳಗಿನ ಅಂಚಿನಲ್ಲಿ, ಹಿಮ್ಮಡಿ ತುಳಿದ ಕಡೆ. ಆಮೇಲೆ ಸೊಂಟಕ್ಕೆ ಸಿಗಿಸಿದ ಕಡೆ. ರೇಷ್ಮೆ ಸೀರೆಗೆ ಉಡುವುದಕ್ಕಿಂತ ಬೀರುವಿನಲ್ಲಿ ಇಡುವುದೇ ಆಯುಷ್ಯ ಕಡಿಮೆ ಮಾಡುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತರೆ ಆ ಗೆರೆಯ ಉದ್ದಕ್ಕೂ ಬಿರಿಯುತ್ತದೆ. ಗಂಡಸರ ಅಂಗಿಯಲ್ಲಿ ಕಾಲರ್ ಮೊದಲು ಹರಿಯುತ್ತದೆ, ಬೆನ್ನು ಕೊನೆಯವರೆಗೂ ಗಟ್ಟಿ ಇರುತ್ತದೆ. ಆದ್ದರಿಂದ ಕಾಲರ್ ಬಿಚ್ಚಿ ತೆಗೆದ ಬಿಳೀ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿದರೆ ಒಂದು ಒಳ್ಳೆಯ ನಿಲುವಂಗಿ ತಯಾರು. ಗುಂಡಿಗಳು ಬೆನ್ನಿಗೆ ಹೋಗುತ್ತವೆ, ಎದೆಯಲ್ಲಿ ಒಂದೇ ಸಲೀಸು ಬಟ್ಟೆ. ಪ್ಯಾಂಟು ತೊಡೆಯ ನಡುವೆ ಸವೆದಿರುತ್ತದೆ, ಮೊಣಕಾಲಿನ ಕೆಳಗಿನ ಬಟ್ಟೆ ಹೊಸದರಂತಿರುತ್ತದೆ. ಮನೆಯವರ ಬದುಕು ಎಲ್ಲೆಲ್ಲಿ ಉಜ್ಜಿಕೊಂಡು ಹೋಯಿತೆಂಬುದು ಅವರ ಬಟ್ಟೆಯ ಮೇಲೆ ಬರೆದಿರುತ್ತದೆ. ಹೊಲದವರ ಅಂಗಿಯ ಭುಜ, ಬೈಕಿನಲ್ಲಿ ತಿರುಗುವವರ ಪ್ಯಾಂಟಿನ ಹಿಂಭಾಗ, ಮೇಜಿನ ಮುಂದೆ ಕೂತು ಬರೆಯುವವರ ಮೊಣಕೈ.

ಇದೆಲ್ಲ ಕೈಲಾಗದ ಬಡ ಶಾಲೆಯ ಉಪಾಯ ಎಂದು ಯಾರಾದರೂ ಅಂದರೆ ನನಗೆ ನೋವಾಗುತ್ತದೆ. ರಂಗಭೂಮಿ ಎಲ್ಲ ಕಾಲಕ್ಕೂ ಬೇರೆಯವರು ಬಿಟ್ಟ ಬಟ್ಟೆಯಿಂದ ಬೆಳೆದಿದೆ. ಷೇಕ್ಸ್‌ಪಿಯರ್ ಇನ್ನೂ ಬರೆಯುತ್ತಿದ್ದ 1599ರಲ್ಲಿ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಲಂಡನ್ನಿಗೆ ಬಂದಿದ್ದ. ಅಲ್ಲಿನ ದೊಡ್ಡ ಮನೆತನದವರು ಸಾಯುವಾಗ ತಮ್ಮ ಒಳ್ಳೆಯ ಬಟ್ಟೆಗಳನ್ನು ಸೇವಕರಿಗೆ ಬಿಟ್ಟು ಹೋಗುತ್ತಿದ್ದರಂತೆ. ಸೇವಕರು ಅಂಥ ಬಟ್ಟೆ ತೊಡುವುದು ಸಲ್ಲದಾದ್ದರಿಂದ ಸ್ವಲ್ಪ ಹಣಕ್ಕೆ ನಟರಿಗೆ ಮಾರುತ್ತಿದ್ದರೆಂದು ಅವನು ಬರೆದಿಟ್ಟಿದ್ದಾನೆ. ಅಂದರೆ ಆ ರಂಗದ ಮೇಲೆ ರಾಜನಾಗಿ ನಿಂತವನ ಮೈಮೇಲೆ ನಿಜವಾದ ಒಬ್ಬ ಸಾಹುಕಾರನ ಬಟ್ಟೆಯೇ ಇರುತ್ತಿತ್ತು. 1914ರಲ್ಲಿ ಚಾರ್ಲಿ ಚಾಪ್ಲಿನ್ ತನ್ನ ಅಲೆಮಾರಿಯ ವೇಷ ಕಟ್ಟಿದ್ದೂ ಹೀಗೆಯೇ. ದೊಗಳೆ ಪ್ಯಾಂಟು, ಬಿಗಿ ಕೋಟು, ಚಿಕ್ಕ ಟೋಪಿ, ದೊಡ್ಡ ಬೂಟು. ಒಂದಕ್ಕೊಂದು ಹೊಂದದಂತೆ ಅವನು ಬೇಕೆಂದೇ ಆರಿಸಿದ. ಪ್ಯಾಂಟು, ಬೂಟುಗಳೆಲ್ಲ ಸ್ಟುಡಿಯೋದ ಬೇರೆ ನಟರಿಂದ ಎರವಲು ತಂದವು ಎಂಬ ಮಾತು ಪ್ರಸಿದ್ಧ. ಆ ಬಟ್ಟೆ ತೊಟ್ಟ ಕೂಡಲೇ ಆ ಮನುಷ್ಯ ಯಾರೆಂದು ತನಗೆ ತಿಳಿಯತೊಡಗಿತೆಂದು ಅವನೇ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾನೆ. ಹಿತ್ತಲಿಗೆ ಓಡಿಹೋಗಿ ಬಂದ ನಮ್ಮ ಹುಡುಗಿಗೆ ಆದದ್ದೂ ಅದೇ ಎಂದು ನಾನು ನಂಬುತ್ತೇನೆ. ದೊಡ್ಡ ರಂಗಮಂಡಲಿಗಳಲ್ಲಿ ಬಡವನ ಪಾತ್ರಕ್ಕೆ ಹೊಸ ಬಟ್ಟೆ ಹೊಲಿಸಿ, ಆಮೇಲೆ ಅದನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ, ಉಪ್ಪುಕಾಗದದಿಂದ ಮೊಣಕಾಲು ಉಜ್ಜಿ ಹಳತು ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಆ ಕೆಲಸವನ್ನು ಕಾಲವೇ ಮಾಡಿಟ್ಟಿರುತ್ತದೆ.

ಹಳೇ ಬಟ್ಟೆಯ ಬಗ್ಗೆ ನಮ್ಮವರಿಗೆ ಗೌರವ ಇರಲಿಲ್ಲವೆಂದಲ್ಲ. ಹುಟ್ಟಿದ ಮಗುವನ್ನು ಮೊದಲು ಸುತ್ತುವುದು ಹಿರಿಯರು ಉಟ್ಟು ಮೆತ್ತಗಾದ ಸೀರೆಯಲ್ಲಿ. ತೊಟ್ಟಿಲಿನ ಜೋಲಿ ಹಳೇ ಸೀರೆಯದು, ಮಗುವಿನ ಕೆಳಗೆ ಹಾಸುವ ಕೌದಿ ಹಳೇ ಸೀರೆಗಳ ಪದರದ್ದು. ಖಣದ ಚೂರುಗಳನ್ನು ಕೂಡಿಸಿ ತಲೆ, ಬೆನ್ನು ಮುಚ್ಚುವಂತೆ ಹೊಲಿಯುವ ಕುಂಚಿಗೆಯೇ ಅನೇಕ ಮಕ್ಕಳ ಮೊದಲ ವೇಷ. ಆದರೆ ಕೊಟ್ಟವರ ಮನೆಯ ಹಳೇ ಬಟ್ಟೆಯನ್ನೇ ಬದುಕಿಡೀ ತೊಡಬೇಕಾಗಿ ಬಂದವರ ಪಾಲಿಗೆ ಹಳೇ ಬಟ್ಟೆ ಎಂದರೆ ಬೇರೆಯೇ. ಇದನ್ನು ನನಗೆ ಕಲಿಸಿದವನು ಒಬ್ಬ ಏಳನೇ ಕ್ಲಾಸಿನ ಹುಡುಗ.

ಅವನು ಕೃಷ್ಣದೇವರಾಯ ಆಗಬೇಕಿತ್ತು. ಗತ್ತು, ಕಂಠ, ಉಚ್ಚಾರ ಎಲ್ಲವೂ ಇತ್ತು. ನಾನು ಎಂದಿನಂತೆ ಹಳೇ ಬಟ್ಟೆಯ ಮಾತು ತೆಗೆದಾಗ ಅವನು ತಲೆ ತಗ್ಗಿಸಿಕೊಂಡು ಹೇಳಿದ: "ಮಿಸ್, ಮನೇಲಿ ನಾನು ಹಾಕ್ಕೊಳ್ಳೋದೆಲ್ಲ ಹಳೇದೇ. ಅಪ್ಪ ಕೆಲಸ ಮಾಡೋ ಮನೆಯೋರು ಕೊಟ್ಟಿದ್ದು. ವೇಷನಾದ್ರೂ ಹೊಳೆಯೋದು ಹಾಕ್ಕೊತೀನಿ."

ಅವನ ಮಾತು ನ್ಯಾಯದ್ದು. ಅಂದು ಸ್ಟಾಫ್ ರೂಮಿನಲ್ಲಿ ಆ ಮಾತನ್ನು ಹೇಳಿದಾಗ ನಮ್ಮ ಸಹೋದ್ಯೋಗಿ ಒಬ್ಬರು ಏನೂ ಅನ್ನಲಿಲ್ಲ. ಮರುದಿನ ಒಂದು ಕವರ್ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಅವರ ಧಾರೆ ಸೀರೆ. ಕೆನೆಬಿಳಿಯ ರೇಷ್ಮೆ, ಕೆಂಪಂಚು, ಅಂಚಿನ ತುಂಬ ಜರಿ. ಮಡಿಕೆಯ ಗೆರೆಗಳಲ್ಲಿ ಉದ್ದಕ್ಕೂ ಬಿರಿದಿತ್ತು, ಉಡುವ ಹಾಗಿರಲಿಲ್ಲ. ಹಳೇ ರೇಷ್ಮೆ ಸೀರೆ ಕೊಳ್ಳುವವರು ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರಲ್ಲ, ಅವರ ಬಳಿಗೆ ಎರಡು ಸಲ ಒಯ್ದು, ಕೊಡಲು ಮನಸ್ಸಾಗದೆ ವಾಪಸು ತಂದಿದ್ದರಂತೆ. "ಸುಡೋದಕ್ಕಿಂತ ಅವನೇ ಹಾಕ್ಕೊಳ್ಳಲಿ" ಎಂದರು.

ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಬಿಳಿಯ ಬಟ್ಟೆ, ಅದರ ಮೇಲೆ ಚಿನ್ನದ ಎಳೆಯಲ್ಲಿ ಗುಲಾಬಿಗಳು, ತಲೆಗೆ ಜರತಾರಿ ಟೋಪಿ, ಕಾಲಿಗೆ ಏನೂ ಇಲ್ಲ. ಬರಿಗಾಲು! ಇದನ್ನು ಓದಿದ ದಿನ ನನಗೆ ಆದ ಸಂತೋಷ ಹೇಳತೀರದು. ಬಾಡಿಗೆ ಅಂಗಡಿಯ ಕೃಷ್ಣದೇವರಾಯನಿಗೆ ಕೆಂಪು ಮಖಮಲ್ಲು, ಮುಂದೆ ಮೂತಿ ಬಾಗಿದ ಜೋಡು. ನಮ್ಮ ಕೈಯಲ್ಲಿದ್ದ ಬಿರಿದ ಧಾರೆ ಸೀರೆ ಅದಕ್ಕಿಂತ ಎಷ್ಟೋ ಹತ್ತಿರ. ಜೋಡಿನ ಖರ್ಚಂತೂ ಪಾಯೆಸನೇ ಉಳಿಸಿದ. ಅದೇ ಕಾಲದ ಆಸುಪಾಸಿಗೆ ಬಂದ ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸನು ಅಲ್ಲಿನ ಅರಸ ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲ ಎಂದು ಬರೆದಿದ್ದಾನೆ. ಅದನ್ನು ಹುಡುಗನಿಗೆ ಹೇಳಲೋ ಬೇಡವೋ ಎಂದು ಯೋಚಿಸಿ ಕೊನೆಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಂಗಾದ್ರೆ ಆ ಬಟ್ಟೆ ಎಲ್ಲ ಯಾರು ಹಾಕ್ಕೊಂಡ್ರು ಮಿಸ್?" ಎಂದು ಕೇಳಿದ. ಇಷ್ಟು ವರ್ಷ ಇತಿಹಾಸ ಹೇಳಿಕೊಟ್ಟ ನನಗೆ ಹೊಳೆಯದ ಪ್ರಶ್ನೆ ಅದು.

ಆ ಸೀರೆಗೆ ಮಾತ್ರ ನಾನು ಕತ್ತರಿ ಹಾಕಿದೆ. ಬಿರಿದ ರೇಷ್ಮೆಯನ್ನು ಹಾಗೇ ಬಿಟ್ಟರೆ ಮೈಮೇಲೆಯೇ ಸೀಳಿಕೊಂಡು ಹೋಗುತ್ತದೆ. ಗೆರೆಗಳ ನಡುವಿನ ಗಟ್ಟಿ ಭಾಗಗಳನ್ನು ಬಿಡಿಸಿ, ಹಳೇ ಪಂಚೆಯ ಲೈನಿಂಗ್ ಕೊಟ್ಟು ಅದರ ಮೇಲೆ ಕೂಡಿಸಬೇಕು. ಎಳೆತವೆಲ್ಲ ಪಂಚೆಯ ಮೇಲೆ ಬೀಳುತ್ತದೆ, ರೇಷ್ಮೆ ಮೇಲೆ ಸುಮ್ಮನೆ ಕೂತಿರುತ್ತದೆ. ಈ ಕೆಲಸ ನನ್ನ ಕೈ ಮೀರಿದ್ದು. ಬಸ್‌ಸ್ಟ್ಯಾಂಡಿನ ಹಿಂದೆ ಮೆಟ್ಟಿಲ ಕೆಳಗೆ ಮಷಿನ್ ಇಟ್ಟುಕೊಂಡು ಆಲ್ಟರ್ ಕೆಲಸವನ್ನೇ ಮಾಡುವ ಟೈಲರ್ ಒಬ್ಬರಿದ್ದಾರೆ. ಹೊಸ ಬಟ್ಟೆ ಹೊಲಿಯುವವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ, ಬಿಚ್ಚಿ ಹೊಲಿಯುವ ಕೆಲಸ ಯಾರಿಗೂ ಬೇಡ. ಇವರು ಮಾತ್ರ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಾಡಿಸಿ, "ಯಾರ್ದೋ ಮದುವೆ ಸೀರೆ ಇದು, ಅಲ್ವಾ ಮೇಡಂ?" ಎಂದರು. ಹೌದೆಂದೆ. ಸೂಜಿ ಬದಲಿಸಿ, ಸಣ್ಣ ಸೂಜಿ ಹಾಕಿ ಶುರು ಮಾಡಿದರು. ದಪ್ಪ ಸೂಜಿ ಹಳೇ ರೇಷ್ಮೆಯಲ್ಲಿ ತೂತು ಉಳಿಸುತ್ತದೆ. ಅಂಚನ್ನು ಇಡಿಯಾಗಿ ಬಿಡಿಸಿ ಕೊರಳಿಗೆ, ತೋಳಿಗೆ, ನಿಲುವಂಗಿಯ ಕೆಳತುದಿಗೆ ಪಟ್ಟಿ ಕೊಟ್ಟರು. ಹುಡುಗ ಬೆಳೆಯುತ್ತಾನೆಂದು ಪಕ್ಕದ ಹೊಲಿಗೆಗಳಲ್ಲಿ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟರು. ಕೃಷ್ಣದೇವರಾಯನ ಎತ್ತರದ ಕುಲ್ಲಾಯಿಯನ್ನು ತಿರುಪತಿಯ ಕಂಚಿನ ವಿಗ್ರಹದ ಚಿತ್ರ ನೋಡಿ ನಾನೇ ಮಾಡಿದೆ. ದಪ್ಪ ಕ್ಯಾಲೆಂಡರ್ ಹಾಳೆಯನ್ನು ಶಂಕುವಿನಂತೆ ಸುತ್ತಿ, ಮೇಲೆ ಸೆರಗಿನ ಜರಿ ತುಂಡು.

ಬಿಸಿಲಿನಲ್ಲಿ ಅವನು ನಡೆದು ಬಂದಾಗ ಸ್ಯಾಟಿನ್ನಿನ ಹಾಗೆ ಕಣ್ಣು ಕುಕ್ಕಲಿಲ್ಲ ಆ ಬಟ್ಟೆ. ನಿಜವಾದ ಜರಿ ನಡೆದಾಗ ಒಂದು ಕಡೆ ಮಿನುಗಿ ಇನ್ನೊಂದು ಕಡೆ ಆರುತ್ತದೆ. ಹುಡುಗ ಅದನ್ನು ಗಮನಿಸಿಕೊಂಡಿದ್ದ. ನೆರಳಿನಿಂದ ಬಿಸಿಲಿಗೆ ಬರುವಲ್ಲಿ ಬೇಕೆಂದೇ ನಿಧಾನ ಮಾಡಿದ. ಆ ನಿಲುವಂಗಿ ಈಗಲೂ ನಮ್ಮ ಶಾಲೆಯ ಟ್ರಂಕಿನಲ್ಲಿದೆ. ಒಳಗೆ ಬಿಟ್ಟ ಬಟ್ಟೆಯನ್ನು ಬಿಚ್ಚಿ ಹಿಗ್ಗಿಸಿ ಅವನ ನಂತರ ಬೇರೆ ಹುಡುಗರೂ ತೊಟ್ಟಿದ್ದಾರೆ. ತೊಡುವ ಮೊದಲು ಆ ಸೀರೆ ಯಾರದ್ದೆಂದು ಹೇಳುತ್ತೇನೆ. ಸಹೋದ್ಯೋಗಿ ಈಗ ವರ್ಗವಾಗಿ ಹೋಗಿದ್ದಾರೆ, ಮಕ್ಕಳು ಮಾತ್ರ "ಆ ಮಿಸ್ ಮದುವೆ ಸೀರೆ" ಎಂದೇ ಕರೆಯುತ್ತಾರೆ.

ಗಾಂಧಿಯ ವೇಷ ಎಲ್ಲಕ್ಕಿಂತ ಸುಲಭವೆಂದು ಎಲ್ಲರೂ ಅದನ್ನೇ ಆರಿಸುತ್ತಾರೆ. ಹೊಸ ಪಂಚೆಯ ಗಂಜಿಯಲ್ಲಿ ಗಾಂಧಿ ಆಗುವುದಿಲ್ಲ, ಸೆಟೆದು ನಿಲ್ಲುತ್ತದೆ. ಒಗೆದು ಒಗೆದು ಜೀವ ಇಳಿದ ಪಂಚೆ ಬೇಕು, ಅದೂ ಅರ್ಧ. 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಅವರು ಅಂಗಿ ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದದ್ದು, ಮೈತುಂಬ ಬಟ್ಟೆ ಕೊಳ್ಳಲಾಗದ ಜನರನ್ನು ಕಂಡು. ಇದನ್ನು ಹೇಳಿ ಉಡಿಸಿದರೆ ಯಾವ ಮಗುವೂ ಆ ತುಂಡು ಪಂಚೆಗೆ ನಾಚುವುದಿಲ್ಲ.

ಪಾಲಕರಿಗೆ ನಾನು ಕಡ್ಡಾಯವಾಗಿ ಹೇಳುವ ಮಾತುಗಳು ಕೆಲವಿವೆ. ಚಿಕ್ಕ ಮಕ್ಕಳಿಗೆ ಪಿನ್ನು ಬೇಡ, ಲಾಡಿ ಹಾಕಿ. ಒಂದಕ್ಕೆ ಹೋಗಲು ತಾನೇ ಬಿಚ್ಚಿಕೊಳ್ಳುವಂತಿರಲಿ, ಅರ್ಧ ದಿನ ಕಾಯುವ ಮಕ್ಕಳ ಸಂಕಟ ವೇದಿಕೆಯ ಕೆಳಗಿರುವ ನಮಗೆ ಗೊತ್ತು. ಎಷ್ಟೇ ವರ್ಷ ಟ್ರಂಕಿನಲ್ಲಿದ್ದರೂ ಬ್ಲೌಸು, ಅಂಗಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಸಣ್ಣ ಹೂವಿನ ಡಿಸೈನು ಹತ್ತು ಹೆಜ್ಜೆಯಾಚೆ ಕಾಣುವುದಿಲ್ಲ, ಅಗಲ ಅಂಚು ಮಾತ್ರ ಕಾಣುತ್ತದೆ. ಇಷ್ಟು ಸಾಕು.

ಈ ವರ್ಷ ನಮ್ಮ ಮಕ್ಕಳು ಕಿತ್ತೂರಿನ ನಾಟಕ ಆಡುತ್ತಿದ್ದಾರೆ. ಚೆನ್ನಮ್ಮನಿಗೆ ಒಂದು ಹಳೇ ಮೊಳಕಾಲ್ಮೂರು ಸೀರೆ ಸಿಕ್ಕಿದೆ, ಕಚ್ಚೆ ಕಟ್ಟಲು ಅದರಷ್ಟು ಒಪ್ಪುವುದು ಬೇರೆ ಇಲ್ಲ. ಅವಳ ಬಂಟ ಅಮಟೂರು ಬಾಳಪ್ಪನಿಗೆ ರುಮಾಲು ಒಬ್ಬಳ ದುಪಟ್ಟಾದಿಂದ ಆಯಿತು. ಉಳಿದಿರುವುದು ಥ್ಯಾಕರೆಯ ಕೋಟು. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಬಿದ್ದವನು ಅವನು. ಮಕ್ಕಳೆಲ್ಲ ಕೆಂಪು ಕೋಟೇ ಬೇಕೆಂದರು. ಅವನು ಧಾರವಾಡದ ಕಲೆಕ್ಟರ್ ಆಗಿದ್ದವನು, ಸಿಪಾಯಿಗಳ ಕೆಂಪು ಅವನಿಗೆ ಬೇಕಿಲ್ಲ, ಕಪ್ಪೋ ಕಡುನೀಲಿಯೋ ಆದರೆ ಸರಿ ಎಂದು ಒಪ್ಪಿಸಿದ್ದೇನೆ. ಮದುವೆಗೆಂದು ಹೊಲಿಸಿ ಒಂದೇ ದಿನ ತೊಟ್ಟು ಬೀರುವಿನಲ್ಲಿಟ್ಟ ಕೋಟು ಊರಿನ ಎಷ್ಟು ಮನೆಗಳಲ್ಲಿ ಇರಬಹುದು! ಉದ್ದ ಹೆಚ್ಚಾದರೆ ಒಳ್ಳೆಯದೇ, ಆ ಕಾಲದ ಕೋಟಿಗೆ ಹಿಂದೆ ಬಾಲ ಇರುತ್ತಿತ್ತು. ಮುಂದಿನ ಎರಡು ಸೆರಗುಗಳನ್ನು ಓರೆಯಾಗಿ ಒಳಕ್ಕೆ ಮಡಿಚಿ ಹೊಲಿದರೆ ಬಾಲ ತಾನೇ ಉಳಿಯುತ್ತದೆ. ಸುತ್ತಳತೆ ಹೆಚ್ಚಾದರೆ ಬೆನ್ನಿನ ಹೊಲಿಗೆಯಲ್ಲಿ ಹಿಡಿಯಬಹುದು. ಭುಜ ಮಾತ್ರ ಸರಿಪಡಿಸಲು ಆಗುವುದಿಲ್ಲ. ಒಳಗೆ ಕ್ಯಾನ್ವಾಸು, ಪ್ಯಾಡು ಎಲ್ಲ ಇಟ್ಟು ತೋಳು ಕೂಡಿಸಿರುವುದರಿಂದ ಬಿಚ್ಚಿದರೆ ಮತ್ತೆ ಮೊದಲಿನಂತೆ ಕೂರುವುದಿಲ್ಲ, ಟೈಲರ್ ಕೂಡ ಕೈ ಮುಗಿಯುತ್ತಾರೆ. ಜೊತೆಗೆ ನಮ್ಮ ಥ್ಯಾಕರೆ ಪ್ರತಿ ತಾಲೀಮಿನಲ್ಲೂ ಕುದುರೆಯಿಂದ ಬಿದ್ದು ಸಾಯುತ್ತಾನೆ, ಸುಮ್ಮನೆ ಬೀಳುವ ಹುಡುಗನಲ್ಲ. ಬೆನ್ನಿಗೂ ಕಂಕುಳಿಗೂ ಡಬಲ್ ಹೊಲಿಗೆ ಹಾಕಿಸಲೇಬೇಕು.

ಆದ್ದರಿಂದ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದು ಕೂಗಿದಾಗ ಬೀರು ತೆರೆಯುವವರು ಒಂದು ಕ್ಷಣ ನಮ್ಮ ಶಾಲೆಯನ್ನು ನೆನಪಿಸಿಕೊಳ್ಳಿ. ಸೀರೆಗಳು ನಮಗೆ ಬೇಕಾದಷ್ಟಾಗಿವೆ. ಬೇಕಿರುವುದು ಸಣಕಲು ಮೈಯ ಮದುಮಗನ ಒಂದು ಕೋಟು, ಭುಜ 15 ಇಂಚಿನ ಒಳಗಿದ್ದರೆ ಆಯಿತು. ಗುಂಡಿ ಬಿದ್ದುಹೋಗಿದ್ದರೂ ಪರವಾಗಿಲ್ಲ. ಹೇಗೂ ಬಿಚ್ಚಿ ಹಿತ್ತಾಳೆಯವು ಹಾಕಬೇಕು.